ಆಸ್ಟ್ರೇಲಿಯಾದಲ್ಲಿ ಹೈಸ್ಕೂಲ್ ಇಂಗ್ಲಿಷ್ ಟೀಚರ್ ಆಗಲು ಡಬಲ್ ಡಿಗ್ರಿ: ಯೂನಿಟ್ ಆರಿಸುವುದು ಹೇಗೆ? (ಆನ್‌ಲೈನ್ ಚರ್ಚೆ; ಬರೆದವರ ಅಡ್ಡಹೆಸರು ಮೊದಲಲ್ಲಿದೆ)

ಕಾಗುಣಿತ:
ಆರ್ಟ್ಸ್ ಮತ್ತು ಎಜುಕೇಶನ್ ಸೇರಿದ 4 ವರ್ಷದ ಡಬಲ್ ಡಿಗ್ರಿ ಮಾಡುವುದೆಂದು ತೀರ್ಮಾನವಾಗಿದೆ. 3 ವರ್ಷದ ಬಿ.ಎ. ಆದಮೇಲೆ 2 ವರ್ಷ ಮಾಸ್ಟರ್ ಆಫ್ ಟೀಚಿಂಗ್ ಓದುವ ದಾರಿಗಿಂತ ಒಂದು ವರ್ಷ ಉಳಿಯುತ್ತದೆ. ಮೊದಲ ವರ್ಷದ ಯೂನಿಟ್ (ಡಿಗ್ರಿಯೊಳಗಿನ ಒಂದೊಂದು ಪಾಠವಿಷಯ) ಆರಿಸುವಾಗ ಏನು ನೋಡಬೇಕು? ಎರಡನೇ ಬೋಧನಾ ವಿಷಯವಾಗಿ ಇತಿಹಾಸ ಆದೀತೇ? ಲ್ಯಾಂಟೈಟ್ (ಶಿಕ್ಷಕರಾಗುವವರಿಗಿರುವ ಸಾಕ್ಷರತೆ ಮತ್ತು ಗಣಿತದ ಪರೀಕ್ಷೆ) ಯಾವಾಗ ಬರೆಯಬೇಕು?

ಕರಿಹಲಗೆ:
ಸಾಮಾನ್ಯವಾಗಿ ವರ್ಷಕ್ಕೆ 8ರಂತೆ ಒಟ್ಟು 32 ಯೂನಿಟ್. ಇಂಗ್ಲಿಷ್ ಮೇಜರ್ (ಮುಖ್ಯ ವಿಷಯ) ಆಗಬೇಕಾದರೆ 6 ಬೇಕು. ಅದರಲ್ಲಿ ಮೊದಲ ವರ್ಷದ ಮಟ್ಟದವು 2ಕ್ಕಿಂತ ಹೆಚ್ಚಿರಬಾರದು, ಮೂರನೇ ವರ್ಷದ ಮಟ್ಟದವು 2ಕ್ಕಿಂತ ಕಡಿಮೆಯಾಗಬಾರದು. ಮೈನರ್ (ಎರಡನೇ) ವಿಷಯಕ್ಕೆ 4 ಸಾಕು.

ಬಹಳ ಮಂದಿ ಎಡವುವುದು ಇಲ್ಲೇ. ಆರ್ಟ್ಸ್ ವಿಭಾಗ ತನ್ನ ಡಿಗ್ರಿಗೆ ಒಪ್ಪಿದ ಯೂನಿಟ್ಟನ್ನೆಲ್ಲ ಎಜುಕೇಶನ್ ವಿಭಾಗ 'ಇಂಗ್ಲಿಷ್ ಬೋಧನಾ ವಿಷಯ' ಅಂತ ಲೆಕ್ಕಕ್ಕೆ ಹಿಡಿಯಬೇಕೆಂದೇನಿಲ್ಲ. ಸಿನಿಮಾ, ಮೀಡಿಯಾ ಯೂನಿಟ್‌ಗಳ ಬಗ್ಗೆ ವಿಶೇಷವಾಗಿ ಕೇಳಿಕೊಳ್ಳಿ. ಯೂನಿಟ್ ಕೋಡ್ ಬರೆದು ಕೋರ್ಸ್ ಅಡ್ವೈಸರ್‌ರಿಂದ ಇಮೇಲ್‌ನಲ್ಲೇ ಒಪ್ಪಿಗೆ ತೆಗೆದಿಟ್ಟುಕೊಳ್ಳಿ. ಬಾಯಿಮಾತು ನಾಲ್ಕನೇ ವರ್ಷದಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ಮಾತು: ಆಸ್ಟ್ರೇಲಿಯಾದ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಇಂಗ್ಲಿಷಿಗೆ ಮೂರು ಎಳೆ ಇವೆ: ಭಾಷೆ, ಸಾಹಿತ್ಯ, ಸಾಕ್ಷರತೆ. ಬರೀ ಕಾದಂಬರಿ, ನಾಟಕ ಓದಿಕೊಂಡು ಹೋದರೆ ವ್ಯಾಕರಣ ಕಲಿಸುವಾಗ ಕೈಕಟ್ಟಿದಂತಾಗುತ್ತದೆ. 'ಕಿಟಕಿ ಒಡೆಯಿತು', 'ಕಿಟಕಿ ಒಡೆಯಲಾಯಿತು' ಇವೆರಡರಲ್ಲಿ ಒಡೆದವನು ಎಲ್ಲಿ ಮರೆಯಾದ ಎಂದು ಎಂಟನೇ ತರಗತಿಗೆ ಬಿಡಿಸಿ ಹೇಳಲು ಬರಬೇಕಲ್ಲ? ಒಂದಾದರೂ ಭಾಷಾಶಾಸ್ತ್ರದ ಯೂನಿಟ್ ಸೇರಿಸಿ, ಎಲೆಕ್ಟಿವ್ ಆಗಿಯಾದರೂ ಸರಿ.

ಅಲ್ಪವಿರಾಮ:
ಇತಿಹಾಸ ಇಂಗ್ಲಿಷಿಗೆ ಒಳ್ಳೆಯ ಜೋಡಿ, ಆದರೆ ಶುಲ್ಕ ನೋಡಿಕೊಳ್ಳಿ. ಸರ್ಕಾರಿ ನೆರವಿನ ಸೀಟಿನಲ್ಲಿ ಶುಲ್ಕ ನಿಗದಿಯಾಗುವುದು ಡಿಗ್ರಿಯ ಹೆಸರಿನ ಮೇಲಲ್ಲ, ಒಂದೊಂದು ಯೂನಿಟ್‌ನ ವಿಷಯದ ಮೇಲೆ. 2021ರಿಂದ ಇಂಗ್ಲಿಷ್, ಶಿಕ್ಷಣ, ಗಣಿತ, ವಿದೇಶಿ ಭಾಷೆಗಳು ಅತಿ ಕಡಿಮೆ ಹಂತದಲ್ಲಿವೆ, ಇತಿಹಾಸ ಅತಿ ಹೆಚ್ಚಿನದರಲ್ಲಿ. 2024ರ ಗರಿಷ್ಠ ದರ ವರ್ಷಕ್ಕೆ 4,445 ಮತ್ತು 16,323 ಡಾಲರ್; ಅಂದರೆ ಯೂನಿಟ್‌ಗೆ ಸುಮಾರು 556 ಎಲ್ಲಿ, 2,040 ಎಲ್ಲಿ! ಇತಿಹಾಸದ ಮೇಲೆ ನಿಜವಾದ ಪ್ರೀತಿ ಇದ್ದರೆ ತೆಗೆದುಕೊಳ್ಳಿ, 'ಸುಲಭ' ಅಂತ ಬೇಡ. ಗಣಿತ ಬರುವವರಿಗಂತೂ ಎರಡನೇ ವಿಷಯವಾಗಿ ಗಣಿತವೇ ಲೇಸು. ಅಂತರರಾಷ್ಟ್ರೀಯ ವಿದ್ಯಾರ್ಥಿಗಳಿಗೆ ಈ ದರ ಅನ್ವಯಿಸುವುದಿಲ್ಲ.

ಕರಿಹಲಗೆ:
ಲ್ಯಾಂಟೈಟ್ ಪಾಸಾಗದೆ ಡಿಗ್ರಿ ಕೈಗೆ ಸಿಗದು. ಮೊದಲ ವರ್ಷದಲ್ಲೇ ಬರೆದುಬಿಡಿ. ಎರಡು ಭಾಗ, ಒಂದೊಂದರಲ್ಲೂ 65 ಪ್ರಶ್ನೆ, 2 ಗಂಟೆ. ಇಂಗ್ಲಿಷ್ ಓದುವವರು ಕಡೆಗಣಿಸುವುದು ಗಣಿತದ ಭಾಗವನ್ನು. ಅದರಲ್ಲಿ ಕ್ಯಾಲ್ಕುಲೇಟರ್ ಇಲ್ಲದ ವಿಭಾಗವೂ ಇದೆ. 240ರ 15% ಎಂದರೆ 10%ಗೆ 24, ಅದರ ಅರ್ಧ 12, ಒಟ್ಟು 36. ಇಷ್ಟು ತಲೆಯಲ್ಲೇ ಓಡಬೇಕು.

ಕಾಗುಣಿತ:
ಯೂನಿಟ್ ವಿಚಾರ ಸ್ಪಷ್ಟವಾಯಿತು, ಇಬ್ಬರಿಗೂ ಧನ್ಯವಾದ. ಶಾಲೆಯ ಪ್ರಾಕ್ಟಿಕಲ್ ಜೊತೆ ಪಾರ್ಟ್‌ಟೈಮ್ ಕೆಲಸ ನಡೆಯುತ್ತದೆಯೇ?

ಅಲ್ಪವಿರಾಮ:
ಕಷ್ಟ. 4 ವರ್ಷದಲ್ಲಿ ಕನಿಷ್ಠ 80 ದಿನ ಶಾಲೆಯಲ್ಲಿರಬೇಕು. ಬ್ಲಾಕ್ ಪ್ಲೇಸ್‌ಮೆಂಟ್ ಎಂದರೆ ವಾರಗಟ್ಟಲೆ ಹಗಲಿಡೀ ಅಲ್ಲೇ, ರಾತ್ರಿ ಪಾಠದ ಯೋಜನೆ. ಆ ವಾರಗಳಿಗೆ ರಜೆ ಬೇಕೆಂದು ಕೆಲಸದಲ್ಲಿ ಮುಂಚೆಯೇ ಹೇಳಿಡಿ. 2025ರ ಜುಲೈ 1ರಿಂದ ಕಾಮನ್‌ವೆಲ್ತ್ ಪ್ರಾಕ್ ಪೇಮೆಂಟ್ (ಪ್ರಾಕ್ಟಿಕಲ್ ಅವಧಿಗೆ ಸರ್ಕಾರ ಕೊಡುವ ಹಣ) ಇದೆ, ಆದಾಯ ನೋಡಿ ಕೊಡುತ್ತಾರೆ, ಅರ್ಜಿ ಹಾಕಬೇಕು. ಮಕ್ಕಳೊಂದಿಗೆ ಕೆಲಸ ಮಾಡುವ ಪರವಾನಗಿ ಪತ್ರ ಇಲ್ಲದೆ ಶಾಲೆಯೊಳಗೆ ಬಿಡುವುದಿಲ್ಲ, ಅದನ್ನು ಸೇರಿದ ತಕ್ಷಣ ಮಾಡಿಸಿ.

ಕೊನೆಯ ಪ್ರಾಕ್ಟಿಕಲ್‌ನಲ್ಲಿ ಬೋಧನಾ ಸಾಮರ್ಥ್ಯದ ಮೌಲ್ಯಮಾಪನಕ್ಕೆ ಪುರಾವೆ ಒದಗಿಸಬೇಕು: ಪಾಠಕ್ಕೆ ಮುಂಚೆ ಮಕ್ಕಳು ಏನು ಬರೆದರು, ಆಮೇಲೆ ಏನು ಬರೆದರು. ಮೊದಲ ದಿನವೇ ಒಂದು ಪ್ಯಾರಾ ಬರೆಸಿ, ಹೆಸರು ಮುಚ್ಚಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಮೂರನೇ ವಾರದಲ್ಲಿ ನೆನಪಾದರೆ ಆ 'ಮುಂಚೆ' ಮತ್ತೆ ಸಿಗುವುದಿಲ್ಲ.