ಕಾಲುವೆ, ಗಿರಣಿ ಬಂದ ಊರಲ್ಲಿ ದೈವಭಕ್ತಿ ಜಾಸ್ತಿಯಾಗಿದ್ದು ಹೇಗೆ?

ಪ್ರಶ್ನೆ:
1825ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಈರಿ ಕಾಲುವೆ ಪೂರ್ತಿ ತೆರೆಯಿತು, ಅದರ ದಂಡೆಯ ರಾಚೆಸ್ಟರ್ ನೋಡನೋಡುತ್ತಲೇ ಹಿಟ್ಟಿನ ಗಿರಣಿಗಳ ಪಟ್ಟಣವಾಯಿತು. 1830-31ರ ಚಳಿಗಾಲದಲ್ಲಿ ಕ್ರೈಸ್ತ ಧರ್ಮಬೋಧಕ ಚಾರ್ಲ್ಸ್ ಫಿನ್ನಿ ಅಲ್ಲಿ ಉಪದೇಶಕ್ಕೆ ನಿಂತಾಗ ಚರ್ಚುಗಳು ತುಂಬಿ ತುಳುಕಿದವು. ದುಡ್ಡು ಬಂದರೆ ಜನ ದೇವರನ್ನು ಮರೆಯುತ್ತಾರೆ ಅಂದುಕೊಂಡಿದ್ದೆ. ಇಲ್ಲಿ ಉಲ್ಟಾ ಅಲ್ವಾ?

ಉತ್ತರ 1:
ಮೊದಲು ಮನೆ ಹೇಗಿತ್ತು ನೋಡಿ. ಬೂಟು ಹೊಲಿಯುವ ಯಜಮಾನನ ಮನೆಯಲ್ಲೇ ಕೆಲಸದ ಹುಡುಗರ ಊಟ, ನಿದ್ದೆ. ಕೆಲಸದ ನಡುವೆ ಯಜಮಾನನೂ ಅವರ ಜೊತೆ ಕುಡಿಯುತ್ತಿದ್ದ. ವ್ಯಾಪಾರ ಬೆಳೆದ ಮೇಲೆ ಅವರು ಬರೀ ಸಂಬಳದವರಾದರು, ಬೇರೆ ಕೇರಿಗೆ ಹೋದರು, ಅಲ್ಲಿನ ಕುಡಿತ, ಜಗಳ ಯಜಮಾನನ ಕೈಮೀರಿತು. ಅವನಿಗೆ ಭಯವೂ ಇತ್ತು, ಮನಸ್ಸಿನಲ್ಲಿ ಚುಚ್ಚುವಿಕೆಯೂ ಇತ್ತು. ಫಿನ್ನಿ ಮೊದಲು ವಕೀಲಿ ಮಾಡಿದ್ದವರು, ಕೋರ್ಟಿನಲ್ಲಿ ವಾದಿಸಿದ ಹಾಗೇ ಹೇಳುತ್ತಿದ್ದರು: ಪಾಪ ಹಣೆಬರಹ ಅಲ್ಲ, ಬಿಡಬೇಕು ಅಂತ ನೀನೇ ನಿರ್ಧಾರ ಮಾಡಬಹುದು. ಸ್ವಂತ ದುಡಿಮೆಯಿಂದ ಮೇಲೆ ಬಂದವರಿಗೆ ಆ ಮಾತು ಥಟ್ಟನೆ ನಾಟಿತು. ಕುಡಿತ ಬಿಡಿಸುವ ಚಳವಳಿಗೂ ಇದೇ ಬಲ ಸಿಕ್ಕಿತು.

ಉತ್ತರ 2:
ಇಷ್ಟೇ ಹೇಳಿದರೆ ಮಾಲೀಕರ ಕಥೆ ಮಾತ್ರ ಆಗುತ್ತೆ, ಅದನ್ನು ನಾನು ಒಪ್ಪಲ್ಲ. ಮನೆಮನೆಗೆ ಹೋಗಿ ಪ್ರಾರ್ಥನೆ ಮಾಡಿ, ಗಂಡಂದಿರನ್ನು ಚರ್ಚಿಗೆ ಕರೆತಂದಿದ್ದು ಹೆಂಗಸರು. ಇನ್ನು ಮ್ಯಾಸಚೂಸೆಟ್ಸ್‌ನ ಲೊವೆಲ್ ನೋಡಿ. ಅಲ್ಲಿನ ಹತ್ತಿ ಗಿರಣಿಗಳಲ್ಲಿ ದುಡಿದವರು ಹೆಚ್ಚಾಗಿ ಹಳ್ಳಿಯಿಂದ ಬಂದ ಹುಡುಗಿಯರು, ಭಾನುವಾರ ಚರ್ಚಿಗೆ ಹೋಗಲೇಬೇಕು ಅನ್ನುವುದು ಕಂಪನಿಯ ನಿಯಮವೇ ಆಗಿತ್ತು. ಆದರೆ ಕೂಲಿ ಕಡಿಮೆ ಮಾಡಿದಾಗ 1834ರಲ್ಲಿ ಅದೇ ಹುಡುಗಿಯರು ಕೆಲಸ ಬಿಟ್ಟು ಬೀದಿಗಿಳಿದರು. 1840ರ ದಶಕದಲ್ಲಿ ಅಲ್ಲಿನ ಗಿರಣಿ ಕೆಲಸಗಾರ್ತಿ ಸಾರಾ ಬ್ಯಾಗ್ಲಿ ಮತ್ತು ಜೊತೆಯವರು ದಿನಕ್ಕೆ ಹತ್ತೇ ಗಂಟೆ ಕೆಲಸ ಇರಲಿ ಅಂತ ಶಾಸನಸಭೆಗೆ ಅರ್ಜಿ ಹಾಕಿದರು. ಹದಿಮೂರು ಗಂಟೆ ಮಗ್ಗದ ಮುಂದೆ ನಿಂತವಳಿಗೆ ಓದೋಕೆ, ದೇವರನ್ನು ನೆನೆಯೋಕೆ ಹೊತ್ತೆಲ್ಲಿರುತ್ತೆ? ಭಕ್ತಿಯನ್ನು ಕಲಿಸಿದ ಮಾಲೀಕರಿಗೇ ಆ ಪ್ರಶ್ನೆ ತಿರುಗಿಬಿತ್ತು.

ಪ್ರಶ್ನೆ ಕೇಳಿದವರು:
ಗುಲಾಮಗಿರಿ ವಿರೋಧಕ್ಕೂ ಇದಕ್ಕೂ ನಂಟಿದೆಯಾ?

ಉತ್ತರ 2:
ಖಂಡಿತ ಇದೆ, ನನಗೆ ತುಂಬಾ ಹಿಡಿಸುವ ಭಾಗವೇ ಅದು. ಪಾಪವನ್ನು ಈಗಲೇ ಬಿಡಬೇಕು ಅಂದ ಮೇಲೆ ಮನುಷ್ಯರನ್ನು ಮಾರುವುದನ್ನು ನಾಳೆಗೆ ಮುಂದೂಡುವುದು ಹೇಗೆ? ಫಿನ್ನಿಯ ಪ್ರಭಾವಕ್ಕೆ ಬಂದ ಥಿಯೋಡೋರ್ ವೆಲ್ಡ್ ಊರೂರು ತಿರುಗಿ ಇದನ್ನೇ ಹೇಳಿದರು. ಸಿನ್ಸಿನಾಟಿಯ ಲೇನ್ ಸೆಮಿನರಿಯಲ್ಲಿ (ಪಾದ್ರಿಗಳನ್ನು ತಯಾರು ಮಾಡುವ ಶಾಲೆ) ಗುಲಾಮಗಿರಿಯ ಚರ್ಚೆಗೆ ಅಡ್ಡಿ ಬಂದಾಗ ವೆಲ್ಡ್ ಜೊತೆಗಿದ್ದ ವಿದ್ಯಾರ್ಥಿಗಳು ಹೊರಬಂದರು. ಅವರಲ್ಲಿ ಹಲವರು ಓಬರ್ಲಿನ್ ಕಾಲೇಜು ಸೇರಿದರು. 1835ರಲ್ಲಿ ಫಿನ್ನಿ ಅಲ್ಲಿಗೆ ಪಾಠ ಮಾಡಲು ಹೋದರು, ಅದೇ ವರ್ಷ ಆ ಕಾಲೇಜು ಕಪ್ಪು ವಿದ್ಯಾರ್ಥಿಗಳಿಗೂ ಬಾಗಿಲು ತೆರೆಯಿತು.