ಸ್ಟೆಂಟ್ ‘ಅಡಚಣೆ’: ಎಲ್ಲ ಬಗೆಗೂ ಒಂದೇ ಪದ ಸಾಕೆ?

ಬಲ್ಲವರಲ್ಲಿ ಒಂದು ಪ್ರಶ್ನೆ.

ಕ್ಯಾನ್ಸರ್ ಗಡ್ಡೆ ಪಿತ್ತನಾಳವನ್ನು ಮುಚ್ಚಿದಾಗ ಪಿತ್ತರಸ ಕರುಳಿಗೆ ಇಳಿಯದೆ ಕಾಮಾಲೆ ಏರುತ್ತದೆ, ಮೈತುರಿಕೆ ನಿದ್ದೆಗೆಡಿಸುತ್ತದೆ. ಗಡ್ಡೆ ತೆಗೆಯಲಾಗದಿದ್ದರೆ ಎಂಡೋಸ್ಕೋಪಿ ಮಾಡಿ ನಾಳದಲ್ಲಿ ಸ್ಟೆಂಟ್, ಅಂದರೆ ದಾರಿ ತೆರೆದಿಡುವ ಕೊಳವೆ, ಇರಿಸುತ್ತಾರೆ. ಪ್ಲಾಸ್ಟಿಕ್ಕಿನದು ಮೇಲೋ ಲೋಹದ್ದೋ ಎಂಬುದನ್ನು ರೋಗಿಯ ಮನೆಯವರಿಗೆ ತಿಳಿಯುವಂತೆ ಬರೆಯುತ್ತಿದ್ದೇನೆ. ನಾನು ನೋಡಿದ ಬರಹಗಳಲ್ಲಿ ಮೂಲ ಕಾಯಿಲೆಗೂ ‘ಅಡಚಣೆ’, ಹಾಕಿದ ಸ್ಟೆಂಟ್ ಕೆಟ್ಟರೂ ‘ಅಡಚಣೆ’. ಗಡ್ಡೆ ಬೆಳೆಯಿತೋ ಕೊಳವೆ ಕಟ್ಟಿತೋ ಎಂದು ಓದಿದವರಿಗೆ ಹೇಗೆ ಗೊತ್ತಾಗಬೇಕು?

ಪ್ಲಾಸ್ಟಿಕ್ ಸ್ಟೆಂಟ್ ಸಣ್ಣ ಕೊಳವೆ. ಹೆಚ್ಚು ಬಳಕೆಯಲ್ಲಿರುವ 10 ಫ್ರೆಂಚ್ ಅಳತೆಯದರ ಹೊರವ್ಯಾಸ ಸುಮಾರು 3.3 ಮಿ.ಮೀ. ಒಳಮೈಗೆ ಬ್ಯಾಕ್ಟೀರಿಯಾಗಳ ಲೋಳೆಪದರ ಹತ್ತುತ್ತದೆ, ಅದರ ಮೇಲೆ ಪಿತ್ತದ ಗಷ್ಟು ಕೂರುತ್ತದೆ. ಸಾಮಾನ್ಯವಾಗಿ 3 ತಿಂಗಳ ಆಸುಪಾಸಿನಲ್ಲಿ ಬದಲಿಸಬೇಕಾಗುತ್ತದೆ. ಇದಕ್ಕೆ ‘ಕಟ್ಟಿಕೊಳ್ಳುವುದು’ ಎಂದರೆ ಯಾರಿಗೂ ಅರ್ಥವಾಗುತ್ತದೆ.

ಲೋಹದ್ದರ ಕತೆ ಬೇರೆ. ನಿಕಲ್ ಮತ್ತು ಟೈಟಾನಿಯಂ ಬೆರೆತ ನಿಟಿನಾಲ್‌ನ ಜಾಲರಿ ನಾಳದೊಳಗೆ ತಾನಾಗಿ ಅರಳಿ ಸುಮಾರು 10 ಮಿ.ಮೀ. ಅಗಲವಾಗುತ್ತದೆ, ಹಾಗಾಗಿ ಗಷ್ಟಿಗೆ ಬೇಗ ಸೋಲುವುದಿಲ್ಲ. ಆದರೆ ಹೊದಿಕೆ ಇಲ್ಲದಿದ್ದರೆ ಜಾಲರಿಯ ಕಣ್ಣುಗಳಲ್ಲಿ ಗಡ್ಡೆಯೇ ಒಳಕ್ಕೆ ಬೆಳೆದುಬರುತ್ತದೆ. ‘ಒಳನುಗ್ಗುವಿಕೆ’ ಎಂದು ಬರೆದದ್ದು ಕಂಡಿದ್ದೇನೆ. ನುಗ್ಗುವುದರಲ್ಲಿ ರಭಸವಿದೆ, ಇದು ನಿಧಾನದ ಕೆಲಸ. ನನಗೆ ‘ಒಳಬೆಳೆತ’ ಹಿಡಿಸಿದೆ. ಇಲ್ಲಿ ‘ಬದಲಿಸು’ ಎಂಬ ಕ್ರಿಯಾಪದವೂ ಸಲ್ಲದು: ಜಾಲರಿ ಅಂಗಾಂಶದಲ್ಲಿ ಹುದುಗಿಬಿಡುವುದರಿಂದ ಸಾಮಾನ್ಯವಾಗಿ ಅದನ್ನು ಕೀಳದೆ ಒಳಗೆ ಇನ್ನೊಂದನ್ನು ಇರಿಸುತ್ತಾರೆ.

ಸಿಲಿಕೋನ್‌ನಂಥ ಹೊದಿಕೆ ಒಳಬೆಳೆತವನ್ನು ತಡೆಯುತ್ತದೆ, ಆದರೆ ಅಂಥ ಸ್ಟೆಂಟ್ ಜಾಗ ಬಿಡುವುದು ಹೆಚ್ಚು. ಇದಕ್ಕೆ ‘ವಲಸೆ’ ಎನ್ನುವುದನ್ನು ದಯವಿಟ್ಟು ಬಿಡೋಣ; ‘ಜಾರುವುದು’ ಸಾಕು. ಹೊದಿಕೆ ಇಲ್ಲದ್ದನ್ನು ‘ತೆರೆದ ಸ್ಟೆಂಟ್’ ಎನ್ನುವುದೂ ತೊಡಕೇ, ಏಕೆಂದರೆ ಪಿತ್ತ ಸರಾಗ ಹರಿಯುತ್ತಿರುವ ಸ್ಟೆಂಟನ್ನೂ ‘ತೆರೆದಿದೆ’ ಎಂದೇ ಹೇಳುತ್ತೇವೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಇಂಥ ಸ್ಟೆಂಟ್ ಹಾಕುವುದಕ್ಕೆ ಹೇಳುವ ‘ಉಪಶಮನ ಚಿಕಿತ್ಸೆ’ ಎಂಬ ಮಾತು. ಶಮನ ಎಂದೊಡನೆ ರೋಗವೇ ಇಳಿಯಿತೆಂದು ಮನೆಯವರು ನಂಬುವುದುಂಟು. ಸ್ಟೆಂಟ್ ಇಳಿಸುವುದು ಕಾಮಾಲೆಯನ್ನು, ತುರಿಕೆಯನ್ನು, ಗಡ್ಡೆಯನ್ನಲ್ಲ. ‘ನರಳಾಟ ತಗ್ಗಿಸುವ ಚಿಕಿತ್ಸೆ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಆಸೆ ಹುಟ್ಟಿಸಿ ಮೋಸ ಮಾಡದ, ಹಾಗೆಂದು ಕೈಬಿಟ್ಟರೆಂಬ ಭಾವವನ್ನೂ ತಾರದ ಮಾತು ನಿಮ್ಮ ಕಡೆ ಬಳಕೆಯಲ್ಲಿದ್ದರೆ ತಿಳಿಸಿ.