ಲೋಡಿಂಗ್ ಕೆಲಸಕ್ಕೆ ಹಲ್ಲಿರುವ ಸಣ್ಣ ಮಡಚುಚಾಕು ಆಗ್ತದಾ?

ಕಟಪಾಡಿ_ಪಿಕಪ್

ನಮಸ್ಕಾರ. ನನ್ನದು ಪಿಕಪ್ ಬಾಡಿಗೆ. ಬೈಕಂಪಾಡಿಯಲ್ಲಿ ಲೋಡು ಹಾಕಿ ಕಾಪು, ಉಡುಪಿ, ಬ್ರಹ್ಮಾವರದ ಅಂಗಡಿಗಳಿಗೆ ಇಳಿಸುವ ಕೆಲಸ. ಪೆಟ್ಟಿಗೆಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿ, ಟರ್ಪಾಲಿಗೆ ಕಟ್ಟಿದ ನೈಲಾನ್ ಹಗ್ಗ, ಗೋಣಿಯ ಹೊಲಿಗೆ, ಒಮ್ಮೊಮ್ಮೆ ತೆಂಗಿನ ನಾರಿನ ಹಗ್ಗ, ದಿನಾ ಕೊಯ್ಯಲಿಕ್ಕಿರುವುದು ಇಂಥದ್ದೇ. ಈಗ ಕೈಯಲ್ಲಿರುವುದು ತುದಿ ಮುರಿದು ಹೊಸ ಬ್ಲೇಡು ಮುಂದೆ ತಳ್ಳುವ ಕಟ್ಟರ್. ರಟ್ಟಿಗೆ ಅದು ಒಳ್ಳೆಯದೇ. ಹಗ್ಗಕ್ಕೆ ಹಾಕಿದರೆ ಬಗ್ಗುತ್ತದೆ, ಕೆಲವು ಸಲ ತುಂಡಾಗಿ ಹಾರುತ್ತದೆ. ಮಳೆಗಾಲದಲ್ಲಿ ತುಕ್ಕು ಬೇರೆ.

ಗರಗಸದ ಹಾಗೆ ಹಲ್ಲಿರುವ, ಕಿಸೆಯಲ್ಲಿ ಹಿಡಿಯುವ ಚಾಕು ತೆಗೊಳ್ಳುವ ಅಂತ ಉಂಟು. ಪೂರ್ತಿ ಹಲ್ಲಿನದ್ದೂ ಸಿಗ್ತದೆ, ಅರ್ಧ ನಯ ಅರ್ಧ ಹಲ್ಲಿನದ್ದೂ ಸಿಗ್ತದೆ. ಯಾವುದು ತೆಗೊಳ್ಳಲಿ? ಹರಿತ ಹೋದರೆ ಮಸೆಯಲಿಕ್ಕೆ ಆಗ್ತದಾ? ಗಾಡಿ ಚೆಕ್ಕಿಂಗ್‌ನಲ್ಲಿ ಪೊಲೀಸಿನವರು ಕೇಳಿದರೆ ತೊಂದರೆ ಉಂಟಾ?

ಮಲ್ಪೆ_ದಕ್ಕೆ

ಅಣ್ಣ, ನಿಮ್ಮ ಕೆಲಸಕ್ಕೆ ಪೂರ್ತಿ ಹಲ್ಲಿನದ್ದೇ ತೆಗೊಳ್ಳಿ. ನಾನು ಬೋಟಿನ ಹಗ್ಗ, ಬಲೆಯ ಕೆಲಸದವ. ಒದ್ದೆ ಹಗ್ಗದ ಮೇಲೆ ನಯವಾದ ಅಲಗು ಹರಿತ ಸ್ವಲ್ಪ ಕಮ್ಮಿಯಾದರೂ ಜಾರುತ್ತದೆ. ಜಾರಿದ ಚಾಕು ಹೋಗುವುದು ಇನ್ನೊಂದು ಕೈಗೆ. ಹಲ್ಲು ಎಳೆಯನ್ನು ಮೊದಲು ಕಚ್ಚಿ ಹಿಡಿಯುತ್ತದೆ, ಆಮೇಲೆ ಎರಡು ಹಲ್ಲಿನ ನಡುವಿನ ಗುಳಿ ಕೊಯ್ಯುತ್ತದೆ. ಹೊರಗೆ ತಾಗಿ ಸವೆಯುವುದು ಹಲ್ಲಿನ ಮೊನೆ ಮಾತ್ರ. ಗುಳಿ ಒಳಗೆ ಇರುವುದರಿಂದ ಅದರ ಹರಿತ ತುಂಬಾ ಸಮಯ ಉಳಿಯುತ್ತದೆ. ಬೋಟಿನ ಫ್ಯಾನಿಗೆ (ಪ್ರೊಪೆಲ್ಲರಿಗೆ) ಬಲೆ ಸುತ್ತಿಕೊಂಡಾಗ ನೀರಿಗೆ ಇಳಿಯುವವರ ಕೈಯಲ್ಲಿ ಹಲ್ಲಿನ ಚಾಕೇ ಇರಬೇಕು ಅಂತ ನಾನು ಹೇಳುವುದು ಇದಕ್ಕೇ. ಅಲ್ಲಿ ಎರಡನೇ ಸಲ ಕೈ ಹಾಕುವಷ್ಟು ಉಸಿರು ಇರುವುದಿಲ್ಲ.

ಆದರೆ ಒತ್ತಬೇಡಿ, ಎಳೆಯಿರಿ. ಹಿಡಿಯ ಹತ್ತಿರದಿಂದ ತುದಿಯವರೆಗೆ ಒಂದೇ ಉದ್ದ ಎಳೆತ. ಮರ ಕೊಯ್ದ ಹಾಗೆ ಹಿಂದೆ ಮುಂದೆ ಆಡಿಸಿದರೆ ಎಳೆಯೆಲ್ಲ ಕೆದರುತ್ತದೆ. ನೈಲಾನ್ ಆದರೆ ಕೊಯ್ದ ತುದಿಯನ್ನು ಲೈಟರಿನಲ್ಲಿ ಕರಗಿಸಿ, ಇಲ್ಲದಿದ್ದರೆ ಬಿಚ್ಚುತ್ತಾ ಹೋಗ್ತದೆ. ಕರಗಿದ್ದನ್ನು ಬೆರಳಿನಲ್ಲಿ ಒತ್ತಬೇಡಿ, ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ.

ಅರ್ಧ ಅರ್ಧದ್ದು ನನಗೆ ಇಷ್ಟ ಇಲ್ಲ. ಮೂರು ಇಂಚಿನ ಅಲಗಿನಲ್ಲಿ ಹಲ್ಲಿಗೆ ಸಿಗುವುದು ಒಂದೂಕಾಲು ಇಂಚು, ಹಗ್ಗ ಎಳೆಯಲಿಕ್ಕೆ ಅದು ಸಾಲುವುದಿಲ್ಲ. ಮೇಲಿಂದ ಆ ಹಲ್ಲು ಹಿಡಿಯ ಬುಡದಲ್ಲೇ ಕೂತಿರುತ್ತದೆ. ನಾಜೂಕು ಕೆಲಸಕ್ಕೆ ನಯ ಅಲಗು ಬೇಕಾಗುವ ಜಾಗವೇ ಅದು. ನಿಮ್ಮ ಕಟ್ಟರನ್ನು ರಟ್ಟಿಗೆ ಇಟ್ಟುಕೊಳ್ಳಿ, ಹಗ್ಗಕ್ಕೆ ಪಟ್ಟಿಗೆ ಹಲ್ಲಿನದ್ದು.

ತುದಿ ಚೂಪು ಬೇಡ. ಮೊಂಡು ತುದಿಯದ್ದು ಸಿಕ್ಕಿದರೆ ಒಳ್ಳೆಯದು. ಅಲುಗಾಡುವ ಬೋಟಿನಲ್ಲಿ ನಾವು ನೋಡುವುದು ಅದನ್ನೇ. ಗಾಡಿಯ ಮೇಲೆ ಲೋಡು ಹತ್ತಿ ನಿಂತವರಿಗೂ ಅದೇ ಲೆಕ್ಕ. ತೆರೆದಾಗ ಅಲಗು ಲಾಕ್ ಆಗಬೇಕು, ಬೆರಳಿನ ಮೇಲೆ ಮಡಚಿಕೊಳ್ಳುವಂಥದ್ದು ಬೇಡವೇ ಬೇಡ.

ಮಡಚುವುದೇ ಆಗಬೇಕು ಅಂತ ಇಲ್ಲದಿದ್ದರೆ ವಿಕ್ಟೋರಿನಾಕ್ಸ್‌ನ ಟೊಮೆಟೊ ಚಾಕು ನೋಡಿ. 11 ಸೆಂ.ಮೀ. ಅಲಗು, ಉರುಟು ತುದಿ, ಸಣ್ಣ ಅಲೆ ಹಲ್ಲು. ಅಡುಗೆಮನೆಗೆ ಅಂತ ಮಾಡಿದ್ದಾದರೂ ತೆಳ್ಳಗಿನ ಹಗ್ಗ, ಗೋಣಿ ಹೊಲಿಗೆಗೆ ಚಂದ ಬರ್ತದೆ. ಅದಕ್ಕೊಂದು ಒರೆ ಮಾತ್ರ ಮಾಡಿಸಲೇಬೇಕು. ಸ್ಪೈಡರ್ಕೊದವರು ಎಚ್-1 ಅಂತ ಉಕ್ಕು ಬಳಸಿ ಮಾಡಿದ ಚಾಕುಗಳಿವೆ, ಇಂಗಾಲ ಕಮ್ಮಿ ಮಾಡಿ ಸಾರಜನಕ ಸೇರಿಸಿದ್ದು. ಉಪ್ಪುನೀರಿಗೂ ತುಕ್ಕು ಹಿಡಿಯುವುದಿಲ್ಲ. ಆದರೆ ಪಿಕಪ್ ಕೆಲಸಕ್ಕೆ ಅಷ್ಟು ದುಡ್ಡು ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ಶಂಕರಪುರ_ತೋಟ

ಮಲ್ಪೆಯ ಅಣ್ಣ ಹೇಳಿದ್ದು ಹಗ್ಗಕ್ಕೆ ಸರಿ. ಇದನ್ನು ಓದಿ ತೋಟದವರೂ ಹಲ್ಲಿನದ್ದು ತೆಗೊಂಡರೆ ಕಷ್ಟ, ಅದಕ್ಕೆ ಬರೀತಿದ್ದೇನೆ. ಮಲ್ಲಿಗೆ ಗಿಡದ ಗೆಲ್ಲು ಸವರುವಾಗ ಗಾಯ ನಯವಾಗಿರಬೇಕು. ಹಲ್ಲು ಸಿಪ್ಪೆಯನ್ನು ಹರಿದು ಹಾಕುತ್ತದೆ, ಹರಿದ ಜಾಗ ಬೇಗ ಒಣಗುವುದಿಲ್ಲ, ನಮ್ಮ ಮಳೆಗೆ ಅಲ್ಲಿಂದಲೇ ಕೊಳೆ ಶುರು. ಕಸಿ ಕಟ್ಟುವುದಂತೂ ಹಲ್ಲಿನಲ್ಲಿ ಸಾಧ್ಯವೇ ಇಲ್ಲ, ಎರಡು ಮೈ ಒಂದಕ್ಕೊಂದು ಕೂರಬೇಕಲ್ಲ. ಹೂ ಕಟ್ಟುವ ಬಾಳೆನಾರು ಸೀಳಲಿಕ್ಕೂ ನಯವಾದದ್ದೇ ಬೇಕು.

ಅಡುಗೆಮನೆಯಲ್ಲಿ ತರಕಾರಿ ಎಲ್ಲ ಮೆಟ್ಟುಕತ್ತಿಯಲ್ಲೇ (ಈಳಿಗೆಮಣೆ). ಹಣ್ಣು ಟೊಮೆಟೊ, ಬ್ರೆಡ್ ಬಂದರೆ ಮಾತ್ರ ಹಲ್ಲಿನ ಚಾಕು ಹೊರಗೆ ಬರುವುದು.

ಮಲ್ಪೆ_ದಕ್ಕೆ

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಬಲೆ ಹೆಣೆಯುವಲ್ಲೂ ಹಾಗೆಯೇ. ಹರಿದ ಜಾಗದ ಒಂದೊಂದೇ ನೂಲು ಬಿಡಿಸುವಾಗ ಹಲ್ಲಿನ ಚಾಕು ಪಕ್ಕದ ಕಣ್ಣಿಗೆ ಸಿಕ್ಕಿ ಒಳ್ಳೆಯ ಬಲೆಯನ್ನೂ ಎಳೆಯುತ್ತದೆ. ಅಲ್ಲಿ ನಾವು ಸಣ್ಣ ನಯ ಚಾಕು ಹಿಡಿಯುವುದು.

ವಯರಿಂಗ್_ಸುರತ್ಕಲ್

ವಯರಿನ ಸಿಪ್ಪೆ ತೆಗೆಯಲಿಕ್ಕೂ ಹಲ್ಲು ಬೇಡ. ಒಳಗಿನ ತಾಮ್ರಕ್ಕೆ ಗೀರು ಬೀಳ್ತದೆ, ಬಗ್ಗಿಸುವಾಗ ಅಲ್ಲೇ ತುಂಡಾಗುತ್ತದೆ.

ಕಟಪಾಡಿ_ಪಿಕಪ್

ತುಂಬಾ ಉಪಕಾರ. ಹಾಗಾದರೆ ಪೂರ್ತಿ ಹಲ್ಲಿನದ್ದು, ಮೊಂಡು ತುದಿ, ಲಾಕ್ ಇರುವುದು. ಮಸೆಯುವುದು ಮಾತ್ರ ಗೊತ್ತಾಗಲಿಲ್ಲ. ಸಾಣೆ ಹಿಡಿಯುವವರು ಬರ್ತಾರಲ್ಲ, ಅವರಿಗೆ ಕೊಡಬಹುದಾ?

ಮಲ್ಪೆ_ದಕ್ಕೆ

ಚಕ್ರದ ಸಾಣೆಗೆ ಕೊಡಬೇಡಿ ಮಾರಾಯ್ರೆ, ಹಲ್ಲೆಲ್ಲ ಸವೆದು ಸಪಾಟಾಗಿ ಬರ್ತದೆ.

ಚಾಕನ್ನು ಬೆಳಕಿಗೆ ಹಿಡಿದು ನೋಡಿ. ಹೆಚ್ಚಿನದರಲ್ಲಿ ಹಲ್ಲಿನ ಇಳಿಜಾರು ಒಂದೇ ಬದಿಯಲ್ಲಿ ಇರುತ್ತದೆ, ಇನ್ನೊಂದು ಬದಿ ಚಪ್ಪಟೆ. ಉಜ್ಜುವುದು ಇಳಿಜಾರಿನ ಬದಿಯನ್ನು ಮಾತ್ರ. ಅದಕ್ಕೆ ವಜ್ರದ ಪುಡಿ ಅಂಟಿಸಿದ ಸಪೂರ ಉರುಟು ಕಡ್ಡಿ ಸಿಗ್ತದೆ, ಒಂದು ತುದಿ ದಪ್ಪ ಇನ್ನೊಂದು ತೆಳು. ಗುಳಿಯ ಅಗಲಕ್ಕೆ ಸರಿಯಾಗುವ ಜಾಗ ಹುಡುಕಿ ಒಂದೊಂದೇ ಗುಳಿಯಲ್ಲಿ ಹಗುರಕ್ಕೆ ಆಡಿಸಬೇಕು. ಕಡ್ಡಿ ಇಲ್ಲದಿದ್ದರೆ 600 ನಂಬರಿನ ನೀರಿನ ಎಮರಿ ಕಾಗದವನ್ನು ಗುಳಿಗೆ ಹೊಂದುವ ಸಪೂರ ಕೋಲಿಗೆ ಸುತ್ತಿ, ಆಮೇಲೆ 1000ದ್ದು. ಚಪ್ಪಟೆ ಬದಿಯನ್ನು ಬೆರಳಿನಲ್ಲಿ ಅಡ್ಡಕ್ಕೆ ಸವರಿದರೆ ಒರಟು ಅಂಚು ಮಡಚಿ ಬಂದದ್ದು ಸಿಗ್ತದೆ. ಸಿಕ್ಕಿತಾ, ಆ ಗುಳಿ ಮುಗಿಯಿತು ಅಂತ ಲೆಕ್ಕ. ಕೊನೆಗೆ ಚಪ್ಪಟೆ ಬದಿಯನ್ನು ನಯ ಸಾಣೆಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಒಂದೆರಡು ಸಲ ಎಳೆದರೆ ಆ ಅಂಚು ಹೋಗ್ತದೆ. ಟೊಮೆಟೊ ಚಾಕಿನಂಥ ತೀರಾ ಸಣ್ಣ ಹಲ್ಲಿಗೆ ಇಷ್ಟೆಲ್ಲ ಮಾಡುವುದು ಕಷ್ಟ, ಮೊಂಡಾದರೆ ಹೊಸತೇ ತೆಗೊಳ್ಳಿ.

ತುಕ್ಕಿಗೆ: ಗುಳಿಯಲ್ಲಿ ಬೆವರು, ಉಪ್ಪು, ಧೂಳು ಕೂತಿರುತ್ತದೆ, ಹಳೆ ಟೂತ್‌ಬ್ರಷ್‌ನಲ್ಲಿ ಸಿಹಿನೀರು ಹಾಕಿ ತಿಕ್ಕಿ, ಒಣಗಿಸಿ. ಮಡಚುವ ಜಾಗಕ್ಕೆ ಹೊಲಿಗೆ ಮಿಷನಿನ ಎಣ್ಣೆ ಒಂದು ಹನಿ. ತೆಂಗಿನೆಣ್ಣೆ ಅಲ್ಲಿಗೆ ಬೇಡ, ದಿನ ಹೋದ ಹಾಗೆ ಅಂಟಾಗುತ್ತದೆ.

ಬಲ್ಮಠ_ಕಾನೂನು

ಪೊಲೀಸಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 2016ರ ನಿಯಮಗಳಿವೆ. ಅವು ಹೆಸರಿಸುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು. ಅದರಲ್ಲೂ ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ಮಾಡಿದ್ದಕ್ಕೆ ವಿನಾಯಿತಿ ಇದೆ. ನಿಮ್ಮ ಮೂರು ಇಂಚಿನ ಚಾಕು ಆ ಅಳತೆಗೆ ಬರುವುದಿಲ್ಲ. ಆದರೆ ನಿಷೇಧಾಜ್ಞೆ ಇರುವ ದಿನದ ಮಾತು ಬೇರೆ. ಮೊದಲು ಸೆಕ್ಷನ್ 144 ಅಂತಿದ್ದದ್ದು 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 163 ಆಗಿದೆ. ಅಂಥ ಆದೇಶಗಳಲ್ಲಿ ಆಯುಧ ಹಿಡಿದು ತಿರುಗಬಾರದು ಅಂತ ಸಾಮಾನ್ಯವಾಗಿ ಇರುತ್ತದೆ. ಆ ದಿನಗಳಲ್ಲಿ ಕಿಸೆಯಲ್ಲಿ ಬೇಡ, ಟೂಲ್ ಬಾಕ್ಸಿನಲ್ಲಿ ಸ್ಪ್ಯಾನರ್ ಜೊತೆ ಇರಲಿ. ಬಟನ್ ಒತ್ತಿದರೆ ಹಾರಿ ತೆರೆಯುವಂಥದ್ದು ಯಾವ ದಿನಕ್ಕೂ ಬೇಡ. ಬಜ್ಪೆಯಿಂದ ವಿಮಾನ ಹತ್ತುವುದಿದ್ದರೆ ಕ್ಯಾಬಿನ್ ಬ್ಯಾಗಿನಲ್ಲಿ ಇಂಥ ಚಾಕನ್ನು ಬಿಡುವುದಿಲ್ಲ.

ಕಟಪಾಡಿ_ಪಿಕಪ್

ಸರಿ, ಟೂಲ್ ಬಾಕ್ಸಿನಲ್ಲೇ ಇಡ್ತೇನೆ. ಒಂದು ಕೇಳಲಿಕ್ಕೆ ಬಿಟ್ಟುಹೋಯಿತು, ಮೆಷಿನರಿ ಲೋಡಿಗೆ ಕಬ್ಬಿಣದ ಪಟ್ಟಿ ಬಿಗಿದಿರ್ತಾರೆ. ಅದಕ್ಕೂ ಇದೇ ಆಗ್ತದಾ?

ಮಲ್ಪೆ_ದಕ್ಕೆ

ಇಲ್ಲ. ಅದಕ್ಕೆ ಯಾವ ಚಾಕೂ ಅಲ್ಲ, ತಗಡು ಕತ್ತರಿ. ಬಿಗಿದ ಕಬ್ಬಿಣದ ಪಟ್ಟಿ ತುಂಡಾದ ಕೂಡಲೇ ಚಿಮ್ಮಿ ಮುಖಕ್ಕೆ ಬರ್ತದೆ. ಕೈಗವಚ ಹಾಕಿ, ಪಟ್ಟಿಯ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಂತು ಕತ್ತರಿಸಿ. ಕ್ಲೀನರ್ ಹುಡುಗನನ್ನೂ ದೂರ ನಿಲ್ಲಿಸಿ.